ಮೂಗರ್ಜಿಯಿಂದ ರೀಮೇಲರ್‌ವರೆಗೆ



ನಮ್ಮ ಸರ್ಕಾರಿ ಕಚೇರಿಗಳ ಕನ್ನಡದಲ್ಲಿ ‘ಮೂಗರ್ಜಿ’ ಎಂಬ ಮಾತೊಂದಿದೆ. ಬರೆದವರ ಹೆಸರು, ಸಹಿ, ವಿಳಾಸ ಯಾವುದೂ ಇಲ್ಲದ ಅರ್ಜಿಯೇ ಮೂಗರ್ಜಿ. ಅರ್ಜಿಯೇನೋ ಬಂದಿದೆ, ಆದರೆ ಕೊಟ್ಟವರು ಯಾರೆಂದು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಇಂಥ ಅರ್ಜಿಗಳಲ್ಲಿ ಎರಡು ಬಗೆ. ಒಂದು, ಹಗೆ ತೀರಿಸಿಕೊಳ್ಳಲು ಬರೆದ ಸುಳ್ಳು. ಇನ್ನೊಂದು, ಹೆಸರು ಹೇಳಿದರೆ ತನಗೆ ಉಳಿಗಾಲವಿಲ್ಲವೆಂದು ಹೆದರಿ ಬರೆದ ನಿಜ. ಎರಡೂ ಒಂದೇ ಬಗೆಯ ಲಕೋಟೆಯಲ್ಲಿ ಬರುತ್ತವೆ. ಹೊರಗಿನಿಂದ ನೋಡಿ ಇದು ಸುಳ್ಳು, ಇದು ನಿಜ ಎಂದು ಹೇಳಲು ಬರುವುದಿಲ್ಲ.

ಕಾಗದದ ಮೇಲೆ ಮೂಗರ್ಜಿ ಬರೆಯುವುದು ಕಷ್ಟವಲ್ಲ. ಅದರ ಮೇಲೆ ಬೀಳುವುದು ಊರಿನ ಅಂಚೆ ಮುದ್ರೆ ಮಾತ್ರ. ಗೋಕಾಕದ ಮುದ್ರೆ ಬಿದ್ದಿದ್ದರೆ, ಆ ದಿನ ಗೋಕಾಕದಲ್ಲಿದ್ದ ಯಾರಾದರೂ ಅದನ್ನು ಬರೆದಿರಬಹುದು. ಇ-ಮೇಲ್‌ನಲ್ಲಿ ಹಾಗಲ್ಲ. ಅಲ್ಲಿ ಕಳುಹಿಸಿದವರ ಹೆಜ್ಜೆ ಗುರುತು ಹತ್ತಾರು ಕಡೆ ಉಳಿಯುತ್ತದೆ. ಹಾಗಾದರೆ ಗುರುತು ಉಳಿಯದಂತೆ ಇ-ಮೇಲ್ ಕಳುಹಿಸುವುದು ಸಾಧ್ಯವೇ? ಈ ಪ್ರಶ್ನೆಗೆ ಗಣಕ ವಿಜ್ಞಾನಿಗಳು ಕಂಡುಕೊಂಡ ಒಂದು ಉತ್ತರವೇ ‘ಅನಾಮಧೇಯ ರೀಮೇಲರ್’. ಅಂದರೆ, ಬಂದ ಪತ್ರದ ಮೇಲಿನ ಕಳುಹಿಸಿದವರ ಗುರುತನ್ನು ಅಳಿಸಿ, ಅದನ್ನು ಮತ್ತೆ ಅಂಚೆಗೆ ಹಾಕುವ ಗಣಕಯಂತ್ರ. ಅದು ಹೇಗೆ ಕೆಲಸ ಮಾಡುತ್ತದೆ, ಅದರ ಮಿತಿ ಏನು, ನಮ್ಮ ಕಾನೂನು ಇದರ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಈ ಪುಟಗಳಲ್ಲಿ ನೋಡೋಣ.

ಇ-ಮೇಲ್ ಎಂಬ ಅಂಚೆ ಕಾರ್ಡು

ಅಂಚೆ ಕಾರ್ಡು ನಿಮಗೆ ಗೊತ್ತು. ದಾರಿಯಲ್ಲಿ ಅದನ್ನು ಕೈಗೆತ್ತಿಕೊಂಡವರೆಲ್ಲ ಓದಬಹುದು. ಎಲ್ಲಿಂದ ಹೊರಟಿತು, ಎಂದು ತಲುಪಿತು ಎಂಬುದನ್ನು ಅದರ ಮೇಲಿನ ಮುದ್ರೆಗಳೇ ಹೇಳುತ್ತವೆ. ಇ-ಮೇಲ್ ಕೂಡ ಹೀಗೆಯೇ ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ದಾರಿಯ ಪ್ರತಿಯೊಂದು ಗಣಕಯಂತ್ರವೂ ಪತ್ರದ ತಲೆಯ ಮೇಲೆ ಒಂದು ಸಾಲು ಬರೆಯುತ್ತದೆ: ಇಂಥ ಯಂತ್ರದಿಂದ, ಇಂಥ ದಿನ, ಇಷ್ಟು ಗಂಟೆ ಇಷ್ಟು ನಿಮಿಷ ಇಷ್ಟು ಸೆಕೆಂಡಿಗೆ ಬಂದಿತು ಎಂದು. ಈ ಸಾಲುಗಳ ಕಟ್ಟಿಗೆ ‘ಹೆಡರ್’ ಎಂದು ಹೆಸರು. ಸಾಮಾನ್ಯವಾಗಿ ಇದು ಪರದೆಯ ಮೇಲೆ ಕಾಣುವುದಿಲ್ಲ. ಇ-ಮೇಲ್ ಸೇವೆಗಳಲ್ಲಿ ಪತ್ರದ ಮೂಲ ರೂಪವನ್ನು ತೋರಿಸುವ ಸೌಲಭ್ಯವಿರುತ್ತದೆ. ನಿಮಗೆ ಬಂದ ಒಂದು ಪತ್ರವನ್ನು ಹಾಗೆ ತೆರೆದು ನೋಡಿ. ನಾಲ್ಕು ಸಾಲಿನ ಪತ್ರಕ್ಕೆ ನಲವತ್ತು ಸಾಲಿನ ಹೆಡರ್ ಇರುವುದು ಕಂಡು ಆಶ್ಚರ್ಯವಾದೀತು.

ಈಗ ಅನೇಕ ಇ-ಮೇಲ್ ಸಂಸ್ಥೆಗಳು ಕಳುಹಿಸಿದವರ ಗಣಕದ ಸಂಖ್ಯೆಯನ್ನು, ಅಂದರೆ ಐಪಿ ವಿಳಾಸವನ್ನು, ಹೆಡರಿನಲ್ಲಿ ತೋರಿಸುವುದಿಲ್ಲ. ಹಾಗೆಂದು ಅದು ಎಲ್ಲಿಯೂ ಇಲ್ಲವೆಂದು ತಿಳಿಯಬಾರದು. ಆ ಸಂಸ್ಥೆಯ ದಾಖಲೆಯಲ್ಲಿ ಅದು ಇರುತ್ತದೆ. ನಿಮಗೆ ಇಂಟರ್‌ನೆಟ್ ಸಂಪರ್ಕ ಕೊಟ್ಟ ಕಂಪನಿಯ ದಾಖಲೆಯಲ್ಲಿ, ಆ ಸಂಖ್ಯೆ ಆ ಹೊತ್ತಿನಲ್ಲಿ ಯಾವ ಗ್ರಾಹಕರ ಬಳಿ ಇತ್ತು ಎಂಬುದೂ ಇರುತ್ತದೆ. ಎರಡು ದಾಖಲೆಗಳನ್ನು ಜೋಡಿಸಿದರೆ ಮನೆ ಬಾಗಿಲವರೆಗೆ ಬರಬಹುದು.

ಜೋಡಿಸುವಾಗ ತಪ್ಪಿದರೆ ಬೇರೆಯವರ ಮನೆ ಬಾಗಿಲಿಗೂ ಬರಬಹುದು! 2007ರಲ್ಲಿ ಬೆಂಗಳೂರಿನ ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರನ್ನು ಪುಣೆ ಪೊಲೀಸರು ಬಂಧಿಸಿದರು. ಒಂದು ಸಾಮಾಜಿಕ ಜಾಲತಾಣದಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಹಾಕಿದರೆಂಬುದು ಆರೋಪ. ಆಧಾರ, ಒಂದು ಐಪಿ ವಿಳಾಸ. ಇಂಟರ್‌ನೆಟ್ ಕಂಪನಿ ಕೊಟ್ಟ ಗ್ರಾಹಕರ ವಿವರವೇ ತಪ್ಪಾಗಿತ್ತು ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಆ ನಿರಪರಾಧಿ ಯರವಡಾ ಜೈಲಿನಲ್ಲಿ 50 ದಿನ ಕಳೆದಿದ್ದರು. ಸಂಖ್ಯೆ ಬೇರೆ, ಮನುಷ್ಯ ಬೇರೆ ಎಂಬುದನ್ನು ಈ ಪ್ರಕರಣ ನೆನಪಿಸುತ್ತದೆ.

ಪತ್ರವೊಂದರಲ್ಲಿ ಎರಡು ಗುಟ್ಟುಗಳಿವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಏನು ಬರೆದಿದೆ ಎಂಬುದು ಮೊದಲನೆಯದು. ಯಾರು ಯಾರಿಗೆ ಬರೆದರು ಎಂಬುದು ಎರಡನೆಯದು. ಮೊದಲನೆಯದನ್ನು ಗೂಢಲಿಪಿಯಿಂದ ಮುಚ್ಚಬಹುದು. ಎರಡನೆಯದು ಅಷ್ಟರಿಂದ ಮುಚ್ಚುವುದಿಲ್ಲ. ಹಲವು ಸಲ ಎರಡನೆಯದೇ ಹೆಚ್ಚು ಅಪಾಯಕಾರಿ. ಹಾಸ್ಟೆಲಿನ ಅಕ್ಕಿ ಬೇಳೆ ಹಿಂಬಾಗಿಲಿನಿಂದ ಸಾಗುತ್ತಿದೆಯೆಂದು ವಿದ್ಯಾರ್ಥಿನಿಯೊಬ್ಬಳು ಮೇಲಧಿಕಾರಿಗೆ ಬರೆದಳು ಎನ್ನಿ. ಸಾಗಿಸುವವರಿಗೆ ಪತ್ರ ಓದುವ ಅಗತ್ಯವೇ ಇಲ್ಲ. ಇಂಥ ಹುಡುಗಿ ಇಂಥ ಅಧಿಕಾರಿಗೆ ಬರೆದಳು ಎಂದು ಗೊತ್ತಾದರೆ ಸಾಕು, ಮುಂದಿನದನ್ನು ಅವರು ಊಹಿಸಬಲ್ಲರು.

ಮೂರು ಊರು, ಮೂರು ಲಕೋಟೆ

ರೀಮೇಲರಿನ ಉಪಾಯವನ್ನು ಬೆಳಗಾವಿ ಜಿಲ್ಲೆಯ ಮೂರು ಊರುಗಳನ್ನು ಇಟ್ಟುಕೊಂಡು ತಿಳಿಯೋಣ. ಆ ವಿದ್ಯಾರ್ಥಿನಿ ಘಟಪ್ರಭಾ ನದಿಯ ದಂಡೆಯ ಒಂದು ಊರಿನಲ್ಲಿದ್ದಾಳೆ. ಅವಳ ಪತ್ರ ಬೆಳಗಾವಿಯ ಅಧಿಕಾರಿಗೆ ತಲುಪಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಊರುಗಳಲ್ಲಿ ಒಬ್ಬೊಬ್ಬ ಅಂಚೆ ಮಧ್ಯವರ್ತಿ ಇದ್ದಾನೆ ಎಂದು ಊಹಿಸಿಕೊಳ್ಳಿ. ಅವನ ಕೆಲಸ ಇಷ್ಟೇ: ತನಗೆ ಬಂದ ಲಕೋಟೆಯನ್ನು ಒಡೆದು, ಒಳಗಿರುವ ಇನ್ನೊಂದು ಲಕೋಟೆಯನ್ನು ಅದರ ಮೇಲಿನ ವಿಳಾಸಕ್ಕೆ ಕಳುಹಿಸುವುದು. ಹೊರಗಿನ ಲಕೋಟೆಯನ್ನು ಒಲೆಗೆ ಹಾಕುವುದು.

ವಿದ್ಯಾರ್ಥಿನಿ ಲಕೋಟೆಗಳನ್ನು ಒಳಗಿನಿಂದ ಹೊರಗೆ ಸಿದ್ಧಪಡಿಸುತ್ತಾಳೆ. ಮೊದಲು ಪತ್ರ, ಅದರ ಮೇಲೆ ಬೆಳಗಾವಿಯ ಅಧಿಕಾರಿಯ ವಿಳಾಸ. ಅದನ್ನು ಹುಕ್ಕೇರಿಯ ವಿಳಾಸವಿರುವ ಲಕೋಟೆಯೊಳಗೆ ಇಡುತ್ತಾಳೆ. ಅದನ್ನು ಮೂಡಲಗಿಯ ಲಕೋಟೆಯೊಳಗೆ, ಅದನ್ನು ಗೋಕಾಕದ ಲಕೋಟೆಯೊಳಗೆ. ಈರುಳ್ಳಿಯ ಸಿಪ್ಪೆಯಂತೆ ಒಂದರೊಳಗೊಂದು. ಈಗ ಪತ್ರ ಹೊರಡುತ್ತದೆ. ಗೋಕಾಕದವನು ತನ್ನ ಸಿಪ್ಪೆ ಸುಲಿದು ಮೂಡಲಗಿಗೆ ಕಳುಹಿಸುತ್ತಾನೆ. ಮೂಡಲಗಿಯವನು ತನ್ನದನ್ನು ಸುಲಿದು ಹುಕ್ಕೇರಿಗೆ ಕಳುಹಿಸುತ್ತಾನೆ. ಹುಕ್ಕೇರಿಯವನು ಕೊನೆಯದನ್ನು ಸುಲಿದು ಬೆಳಗಾವಿಗೆ ಕಳುಹಿಸುತ್ತಾನೆ. ಗೋಕಾಕದಿಂದ ಮೂಡಲಗಿಗೆ ಹೋಗಿ, ಮತ್ತೆ ಹಿಂದಕ್ಕೆ ಹುಕ್ಕೇರಿಗೆ ಬಂದು ಬೆಳಗಾವಿ ಸೇರುವುದು ಸುತ್ತುದಾರಿಯಲ್ಲವೇ ಎಂದು ನೀವು ಕೇಳಬಹುದು. ಹೌದು, ಇಲ್ಲಿ ಸುತ್ತುದಾರಿಯೇ ಉದ್ದೇಶ.

ಯಾರಿಗೆ ಏನು ಗೊತ್ತಾಯಿತು ಎಂದು ಲೆಕ್ಕ ಹಾಕಿ. ಗೋಕಾಕದವನಿಗೆ ಕಳುಹಿಸಿದವಳು ಗೊತ್ತು, ಆದರೆ ಪತ್ರ ಕೊನೆಗೆ ಯಾರಿಗೆ ಹೋಗುತ್ತದೆಂದು ಗೊತ್ತಿಲ್ಲ. ಹುಕ್ಕೇರಿಯವನಿಗೆ ಅಧಿಕಾರಿಯ ವಿಳಾಸ ಗೊತ್ತು, ಆದರೆ ಪತ್ರ ಮೊದಲು ಎಲ್ಲಿಂದ ಹೊರಟಿತೆಂದು ಗೊತ್ತಿಲ್ಲ. ಮೂಡಲಗಿಯವನಿಗೆ ಎರಡೂ ಗೊತ್ತಿಲ್ಲ. ಎರಡು ಹೆಸರುಗಳೂ ಒಟ್ಟಿಗೆ ಇರುವ ಜಾಗ ಆ ದಾರಿಯಲ್ಲಿ ಎಲ್ಲಿಯೂ ಇಲ್ಲ. ಕಳುಹಿಸಿದವಳನ್ನು ಹಿಡಿಯಬೇಕಾದರೆ ಮೂವರೂ ಸೇರಿ ಬಾಯಿ ಬಿಡಬೇಕು. ಮೂವರಲ್ಲಿ ಒಬ್ಬನು ಪ್ರಾಮಾಣಿಕನಾಗಿ, ಹೊರ ಲಕೋಟೆಯನ್ನು ನಿಜವಾಗಿಯೂ ಸುಟ್ಟಿದ್ದರೆ ದಾರಿ ಅಲ್ಲಿಗೆ ಕಡಿದುಹೋಗುತ್ತದೆ. ರೀಮೇಲರಿನ ಮೂಲತತ್ವ ಇದೇ. ಗುಟ್ಟನ್ನು ಕಾಯಲು ಒಬ್ಬ ಮಹಾ ಪ್ರಾಮಾಣಿಕನನ್ನು ಹುಡುಕುವುದರ ಬದಲು, ಇಡೀ ಗುಟ್ಟು ಯಾರೊಬ್ಬರ ಕೈಗೂ ಸಿಗದಂತೆ ಹಂಚುವುದು.

ತೆರೆದ ಬೀಗದ ಉಪಾಯ

ಕಾಗದದ ಲಕೋಟೆಯನ್ನು ಯಾರಾದರೂ ಉಗಿ ಹಿಡಿದು ಬಿಚ್ಚಬಹುದು. ಗಣಕದ ಲಕೋಟೆ ಗಣಿತದಿಂದ ಮಾಡಿದ್ದು. ಹುಕ್ಕೇರಿಯವನು ಒಂದೇ ಬಗೆಯ ನೂರಾರು ಬೀಗಗಳನ್ನು ಮಾಡಿಸಿ, ಬಾಯಿ ತೆರೆದಿಟ್ಟು, ಎಲ್ಲರಿಗೂ ಹಂಚುತ್ತಾನೆ ಎಂದುಕೊಳ್ಳಿ. ಕೀಲಿಕೈ ಮಾತ್ರ ಒಂದೇ, ಅದು ಅವನ ಬಳಿ. ಬೀಗವನ್ನು ಒತ್ತಿ ಹಾಕಲು ಯಾರಿಗಾದರೂ ಬರುತ್ತದೆ. ತೆಗೆಯಲು ಅವನೊಬ್ಬನಿಗೇ ಸಾಧ್ಯ. ಇದಕ್ಕೆ ‘ಸಾರ್ವಜನಿಕ ಕೀಲಿ ಗೂಢಲಿಪಿ’ ಎನ್ನುತ್ತಾರೆ. ಇದರ ತತ್ವವನ್ನು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಪ್ರಕಟಿಸಿದರು. 1991ರಲ್ಲಿ ಅಮೆರಿಕದ ಫಿಲ್ ಜಿಮ್ಮರ್‌ಮನ್ ‘ಪಿಜಿಪಿ’ ಎಂಬ ತಂತ್ರಾಂಶ ಬರೆದು, ಸಾಮಾನ್ಯರೂ ತಮ್ಮ ಇ-ಮೇಲ್‌ಗೆ ಇಂಥ ಬೀಗ ಹಾಕುವಂತೆ ಮಾಡಿದರು.

ರೀಮೇಲರಿಗೆ ಹೊರಟ ಪತ್ರದ ಪ್ರತಿಯೊಂದು ಪದರಕ್ಕೂ ಆಯಾ ಊರಿನವನ ಬೀಗ ಬೀಳುತ್ತದೆ. ಎಲ್ಲಕ್ಕಿಂತ ಒಳಗಿನ ಪತ್ರಕ್ಕೆ ಬೆಳಗಾವಿಯ ಅಧಿಕಾರಿಯ ಬೀಗವನ್ನೂ ಹಾಕಿದರೆ, ಹುಕ್ಕೇರಿಯವನಿಗೆ ವಿಳಾಸ ಕಾಣುತ್ತದೆಯೇ ಹೊರತು ವಿಷಯ ಕಾಣುವುದಿಲ್ಲ.

ಬಾಗಿಲಲ್ಲಿ ನಿಂತ ಕಾವಲುಗಾರ

ಇಷ್ಟಾದರೂ ಒಂದು ದಾರಿ ಉಳಿಯಿತು. ಗೋಕಾಕದ ಮಧ್ಯವರ್ತಿಯ ಮನೆಯ ಎದುರು ಒಬ್ಬನು ಕುಳಿತು ನೋಡುತ್ತಿದ್ದಾನೆ. ಬೆಳಿಗ್ಗೆ ಹತ್ತಕ್ಕೆ ಒಂದು ಲಕೋಟೆ ಒಳಗೆ ಹೋಯಿತು, ಹತ್ತೂ ಕಾಲಿಗೆ ಒಂದು ಲಕೋಟೆ ಹೊರಗೆ ಬಂದಿತು. ಬೀಗ ಒಡೆಯದೆಯೇ ಅವನಿಗೆ ಅರ್ಥವಾಯಿತು. ಇದನ್ನು ತಪ್ಪಿಸಲು ರೀಮೇಲರ್‌ಗಳು ಮೂರು ಕ್ರಮಗಳನ್ನು ಅನುಸರಿಸುತ್ತವೆ.

ಮೊದಲನೆಯದು ಕಾಯುವುದು ಮತ್ತು ಕಲಸುವುದು. ಸಾಕಷ್ಟು ಲಕೋಟೆಗಳು ಸೇರುವ ತನಕ ಇಟ್ಟುಕೊಂಡು, ಇಸ್ಪೀಟೆಲೆಯಂತೆ ಕಲಸಿ, ಬಂದ ಕ್ರಮಕ್ಕೆ ಸಂಬಂಧವಿಲ್ಲದ ಕ್ರಮದಲ್ಲಿ ಹೊರಗೆ ಬಿಡುವುದು. ಆದ್ದರಿಂದ ಇಂಥ ಪತ್ರ ತಲುಪಲು ಗಂಟೆಗಳು, ಒಮ್ಮೊಮ್ಮೆ ದಿನಗಳೇ ಹಿಡಿಯುತ್ತವೆ.

ಎರಡನೆಯದು ಒಂದೇ ಗಾತ್ರ. ತೆಳುವಾದ ಹತ್ತು ಲಕೋಟೆಗಳ ನಡುವೆ ಒಂದು ಕಿಲೋ ಕರದಂಟಿನ ಪೊಟ್ಟಣ ಇದ್ದರೆ, ಎಷ್ಟು ಕಲಸಿದರೂ ಅದು ಎಲ್ಲಿ ಹೋಯಿತೆಂದು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಚಿಕ್ಕ ಪತ್ರಕ್ಕೆ ಹೊಟ್ಟು ತುಂಬಿ, ದೊಡ್ಡ ಪತ್ರವನ್ನು ತುಂಡು ಮಾಡಿ, ಎಲ್ಲವನ್ನೂ ಒಂದೇ ಅಳತೆಗೆ ತರಲಾಗುತ್ತದೆ.

ಮೂರನೆಯದು ಒಂದು ಲಕೋಟೆಗೆ ಒಂದೇ ಸಲ ಪ್ರವೇಶ. ಕಾವಲುಗಾರನು ಲಕೋಟೆಯೊಂದರ ನಕಲು ಮಾಡಿ ನೂರು ಸಲ ಒಳಗೆ ಹಾಕಿ, ಹೊರಗೆ ಯಾವುದು ನೂರು ಸಲ ಬರುತ್ತದೆಂದು ಎಣಿಸಬಹುದು. ಅದಕ್ಕೇ ರೀಮೇಲರ್ ಪ್ರತಿ ಲಕೋಟೆಯ ಗುರುತು ಸಂಖ್ಯೆಯನ್ನು ನೆನಪಿಟ್ಟು, ಮತ್ತೆ ಬಂದದ್ದನ್ನು ಎಸೆಯುತ್ತದೆ.

ಈ ಮೂರರ ಹಿಂದೆಯೂ ಒಂದೇ ಮಾತಿದೆ: ಮರೆಯಾಗಲು ಗುಂಪು ಬೇಕು. ಸಂತೆಯ ದಿನ ಮೂಡಲಗಿಯ ಪೇಟೆಯಲ್ಲಿ ಒಬ್ಬನನ್ನು ಹಿಂಬಾಲಿಸುವುದು ಕಷ್ಟ. ಮಧ್ಯರಾತ್ರಿ ಅದೇ ಬೀದಿಯಲ್ಲಿ ನಡೆಯುವ ಒಬ್ಬನನ್ನು ಯಾರೂ ತಪ್ಪಿಸಿಕೊಳ್ಳಲು ಬಿಡುವುದಿಲ್ಲ.

ಹೆಲ್ಸಿಂಕಿಯ ಒಂದು ಪಟ್ಟಿ

ಈ ವಿಚಾರಗಳ ಬೀಜ 1981ರದು. ಆ ವರ್ಷ ಅಮೆರಿಕದ ಡೇವಿಡ್ ಚಾಮ್ ಎಂಬ ಗಣಕ ವಿಜ್ಞಾನಿ, ಜಾಡು ಹಿಡಿಯಲಾಗದ ವಿದ್ಯುನ್ಮಾನ ಅಂಚೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಕಲಸುವುದು, ಪದರ ಪದರವಾಗಿ ಬೀಗ ಹಾಕುವುದು, ಎಲ್ಲವೂ ಅದರಲ್ಲಿತ್ತು. ಆದರೆ ಮೊದಲು ಜನಪ್ರಿಯವಾದ ರೀಮೇಲರ್ ಬಹಳ ಸರಳವಾದದ್ದು. ಫಿನ್ಲೆಂಡಿನ ಯೋಹಾನ್ ಹೆಲ್ಸಿಂಗಿಯಸ್ 1993ರಲ್ಲಿ ‘ಪೆನೆಟ್’ ಎಂಬ ಸೇವೆ ಆರಂಭಿಸಿದರು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಇನ್ನೂ ಬಂದಿರದ ಕಾಲ ಅದು. ವಿದೇಶ ಸಂಚಾರ ನಿಗಮವು ಅದನ್ನು ಇಲ್ಲಿ ತೆರೆದದ್ದು 1995ರ ಆಗಸ್ಟ್ 15ರಂದು. ಪೆನೆಟ್‌ಗೆ ಪತ್ರ ಕಳುಹಿಸಿದರೆ ಅದು ನಿಮ್ಮ ವಿಳಾಸ ತೆಗೆದು, ಒಂದು ಸಂಖ್ಯೆಯ ವಿಳಾಸ ಹಾಕಿ ಮುಂದಕ್ಕೆ ರವಾನಿಸುತ್ತಿತ್ತು. ಆ ಸಂಖ್ಯೆಗೆ ಬಂದ ಉತ್ತರವನ್ನು ನಿಮಗೆ ತಲುಪಿಸುತ್ತಿತ್ತು. ಐದು ಲಕ್ಷಕ್ಕೂ ಹೆಚ್ಚು ಜನ ಅದನ್ನು ಬಳಸಿದರು.

ಉತ್ತರ ತಲುಪಿಸಬೇಕಾದರೆ ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಬೇಕಲ್ಲ? ಆ ಪಟ್ಟಿ ಹೆಲ್ಸಿಂಗಿಯಸ್ ಅವರ ಗಣಕಯಂತ್ರದಲ್ಲಿತ್ತು. ಅವರು ಪ್ರಾಮಾಣಿಕರು, ಆ ಬಗ್ಗೆ ಸಂಶಯವಿಲ್ಲ. ಆದರೆ 1995ರ ಫೆಬ್ರವರಿಯಲ್ಲಿ, ಚರ್ಚ್ ಆಫ್ ಸೈಂಟಾಲಜಿ ಎಂಬ ಸಂಸ್ಥೆ ಕೊಟ್ಟ ದೂರಿನ ಮೇಲೆ ಪೊಲೀಸರು ಬಂದು ಪಟ್ಟಿ ಕೇಳಿದರು. ಇಡೀ ಪಟ್ಟಿ ಹೋಗುವುದನ್ನು ತಪ್ಪಿಸಲು ಅವರು ಒಂದು ಹೆಸರನ್ನು ಕೊಡಬೇಕಾಯಿತು. 1996ರಲ್ಲಿ ನ್ಯಾಯಾಲಯದ ಇನ್ನೊಂದು ಆದೇಶ ಎದುರಾದಾಗ, ಬಳಕೆದಾರರಿಗೆ ರಕ್ಷಣೆಯ ಭರವಸೆ ಕೊಡಲಾರೆನೆಂದು ಅವರು ಸೇವೆಯನ್ನೇ ಮುಚ್ಚಿದರು. ಪಟ್ಟಿ ಇಟ್ಟವನು ಎಷ್ಟೇ ಒಳ್ಳೆಯವನಾದರೂ ಪಟ್ಟಿ ಇರುವ ತನಕ ಅದನ್ನು ಕೇಳಲು ಯಾರಾದರೂ ಬರುತ್ತಾರೆ ಎಂಬ ಪಾಠವನ್ನು ಪೆನೆಟ್ ಕಲಿಸಿತು.

1992ರಲ್ಲಿ ಅಮೆರಿಕದ ಎರಿಕ್ ಹ್ಯೂಸ್ ಮತ್ತು ಹಾಲ್ ಫಿನ್ನಿ ಆರಂಭಿಸಿದ್ದ ಇನ್ನೊಂದು ಬಗೆಯ ರೀಮೇಲರಿನಲ್ಲಿ ಪಟ್ಟಿಯೇ ಇರಲಿಲ್ಲ. ಅದಕ್ಕೆ ಪಿಜಿಪಿಯ ಬೀಗ ಸೇರಿತು. 1990ರ ದಶಕದ ನಡುವೆ ಲ್ಯಾನ್ಸ್ ಕಾಟ್ರೆಲ್ ಬರೆದ ‘ಮಿಕ್ಸ್‌ಮಾಸ್ಟರ್’ ಒಂದೇ ಗಾತ್ರದ ಪೊಟ್ಟಣ, ಕಲಸುವಿಕೆ ಎರಡನ್ನೂ ತಂದಿತು. 2003ರಲ್ಲಿ ಪ್ರಕಟವಾದ ‘ಮಿಕ್ಸ್‌ಮಿನಿಯನ್’, ಒಂದು ಸಲ ಮಾತ್ರ ಬಳಸಬಹುದಾದ ಉತ್ತರ ಲಕೋಟೆಯನ್ನು ಸೇರಿಸಿತು. ಪತ್ರದ ಜೊತೆಗೆ, ಮೂರು ಬೀಗ ಹಾಕಿದ ತಿರುಗು ವಿಳಾಸವೊಂದನ್ನೂ ಇಟ್ಟು ಕಳುಹಿಸಿದಂತೆ. ಉತ್ತರ ಕೊಡುವವರಿಗೂ ಅದು ಎಲ್ಲಿ ಮುಟ್ಟುತ್ತದೆಂದು ತಿಳಿಯದು.

ಇಂದು ರೀಮೇಲರ್‌ಗಳು ವಿರಳ. ಅವುಗಳ ಸಂತಾನವೆನ್ನಬಹುದಾದ ‘ಟಾರ್’ ಜಾಲ 2002ರಿಂದ ನಡೆಯುತ್ತಿದೆ. ಇದರ ಮೂಲ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದೆ. ಅದೂ ಮೂರು ಗಣಕಗಳ ಮೂಲಕ, ಈರುಳ್ಳಿಯ ಸಿಪ್ಪೆಯ ಕ್ರಮದಲ್ಲಿಯೇ ಸಾಗುತ್ತದೆ. ಆದರೆ ಜಾಲತಾಣ ನೋಡುವವರನ್ನು ಕಾಯಿಸಲು ಆಗುವುದಿಲ್ಲವಾದ್ದರಿಂದ ಅದು ಕಲಸುವುದಿಲ್ಲ. ಎರಡೂ ತುದಿಗಳನ್ನು ನೋಡಬಲ್ಲ ಕಾವಲುಗಾರನ ಎದುರು ಅದು ಆ ಮಟ್ಟಿಗೆ ದುರ್ಬಲ.

ಒಂದೇ ಲಕೋಟೆಯಲ್ಲಿ ಎರಡು ಹಾಳೆ

ಇದೆಲ್ಲ ದೂರದ ದೇಶದವರ ಚಿಂತೆ ಎಂದು ತಿಳಿಯಬೇಡಿ. 2002ರ ನವೆಂಬರಿನಲ್ಲಿ ಸತ್ಯೇಂದ್ರ ದುಬೆ ಎಂಬ ಯುವ ಎಂಜಿನಿಯರ್ ಪ್ರಧಾನಮಂತ್ರಿಗಳ ಕಚೇರಿಗೆ ಒಂದು ಪತ್ರ ಬರೆದರು. ಕಾನಪುರದ ಐಐಟಿಯಲ್ಲಿ ಓದಿದ ಅವರು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದಲ್ಲಿ ಕೆಲಸದಲ್ಲಿದ್ದರು. ಸುವರ್ಣ ಚತುಷ್ಪಥ ಯೋಜನೆಯಲ್ಲಿ ತಾವು ಕಂಡ ಅಕ್ರಮಗಳನ್ನು ಪತ್ರದಲ್ಲಿ ವಿವರಿಸಿದ್ದರು. ಗುಟ್ಟು ಉಳಿಯಲೆಂದು ತಮ್ಮ ವಿವರಗಳನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದ್ದರು. ಆದರೆ ಎರಡು ಹಾಳೆಗಳೂ ಒಂದೇ ಲಕೋಟೆಯಲ್ಲಿದ್ದವು, ಒಂದೇ ಕಡತ ಸೇರಿದವು. ಆ ಕಡತ ಹಲವು ಅಧಿಕಾರಿಗಳ ಮೇಜಿನ ಮೇಲೆ ಹಾದುಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಯ ವೇಳೆ ನಡೆದ ಕೊಲೆಯೆಂದು ಸಿಬಿಐ ಹೇಳಿತು; 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ಕಾರಣ ಅದೇ ಇರಲಿ, ಗುಟ್ಟಾಗಿಡಿ ಎಂದು ಕೇಳಿಕೊಂಡವರ ಹೆಸರು ಗುಟ್ಟಾಗಿ ಉಳಿಯಲಿಲ್ಲ ಎಂಬುದು ದೇಶದ ಮನಸ್ಸನ್ನು ಕಲಕಿತು.

ಅದರ ಫಲವಾಗಿ 2004ರ ಏಪ್ರಿಲ್ 21ರಂದು ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ಕೇಂದ್ರ ಸರ್ಕಾರದ ನೌಕರರ ಭ್ರಷ್ಟಾಚಾರದ ಬಗ್ಗೆ ಯಾರಾದರೂ ಮುಚ್ಚಿದ ಲಕೋಟೆಯಲ್ಲಿ ಕೇಂದ್ರ ಜಾಗೃತ ಆಯೋಗಕ್ಕೆ ದೂರು ಕೊಡಬಹುದು. ಆಯೋಗ ಹೆಸರನ್ನು ಗುಟ್ಟಾಗಿಡಬೇಕು. ಆದರೆ ಒಳಗೆ ಹೆಸರು, ವಿಳಾಸ ಇರಲೇಬೇಕು. ಮೂಗರ್ಜಿಯ ಮೇಲೆ ಕ್ರಮ ಜರುಗಿಸಬಾರದೆಂದು ಆಯೋಗ 1999ರಲ್ಲಿಯೇ ಸುತ್ತೋಲೆ ಹೊರಡಿಸಿತ್ತು. ನಮ್ಮ ರಾಜ್ಯದ ಲೋಕಾಯುಕ್ತಕ್ಕೆ ದೂರು ಕೊಡುವಾಗಲೂ ಪ್ರಮಾಣಪತ್ರ ಸಲ್ಲಿಸಬೇಕು.

ಇಲ್ಲಿ ಎರಡು ಮಾರ್ಗಗಳ ವ್ಯತ್ಯಾಸ ಗಮನಿಸಿ. ನಮ್ಮ ಕಾನೂನಿನ ಮಾರ್ಗ ಪೆನೆಟ್‌ನ ಮಾರ್ಗ. ಒಂದು ಕಚೇರಿಯನ್ನು ನಂಬಿ ಪಟ್ಟಿಯನ್ನು ಅದರ ಕೈಗೆ ಕೊಡುವುದು. ಅದರಿಂದ ಲಾಭವುಂಟು: ಕಚೇರಿಯವರು ದೂರುದಾರರನ್ನು ಮತ್ತೆ ಪ್ರಶ್ನಿಸಬಹುದು, ಸುಳ್ಳು ದೂರು ಕೊಟ್ಟವರನ್ನು ಹೊಣೆ ಮಾಡಬಹುದು. ರೀಮೇಲರಿನ ಮಾರ್ಗ ಯಾರನ್ನೂ ಪೂರ್ತಿ ನಂಬದ ಮಾರ್ಗ. ಅದರಲ್ಲಿ ಗುಟ್ಟು ಭದ್ರ, ಆದರೆ ಸುಳ್ಳು ಬರೆದವನೂ ಅಷ್ಟೇ ಭದ್ರ. ಯಾವುದು ಮೇಲೆಂದು ಒಂದೇ ಮಾತಿನಲ್ಲಿ ತೀರ್ಮಾನಿಸುವಂತಿಲ್ಲ. ಆದರೆ ಮೊದಲ ಮಾರ್ಗದಲ್ಲಿ, ಒಂದು ಕಡತದ ಅಜಾಗರೂಕತೆಗೆ ಒಬ್ಬ ಮನುಷ್ಯ ಬೆಲೆ ತೆರಬೇಕಾಗಬಹುದು ಎಂಬುದನ್ನು ಮರೆಯುವಂತಿಲ್ಲ.

ಖಾಸಗಿತನ ಬೇಕೆನ್ನುವುದು ಕಳ್ಳರ ಬೇಡಿಕೆ ಎಂದು ಕೆಲವರು ಭಾವಿಸುತ್ತಾರೆ. ಅದು ತಪ್ಪು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಇಂದು ದೇಶದಲ್ಲಿ ಖಾಸಗಿತನದ ಮಾತು ಬಂದಾಗಲೆಲ್ಲ, 2024ರಲ್ಲಿ ನಿಧನರಾದ ಈ ಕನ್ನಡಿಗರ ಹೆಸರಿನ ತೀರ್ಪನ್ನೇ ಉಲ್ಲೇಖಿಸಲಾಗುತ್ತದೆ.

ಮರೆಯ ದುರುಪಯೋಗ

ಹಕ್ಕಿಗೆ ಮಿತಿಯೂ ಇದೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇಟ್ಟಿರುವುದಾಗಿ ಇ-ಮೇಲ್ ಬಂದಿತು. ಅದು ಹುಸಿ. ಆದರೆ ಆ ದಿನ ಸಾವಿರಾರು ಮಕ್ಕಳು ಶಾಲೆಯಿಂದ ಹೊರಗೆ ಓಡಿದರು, ತಾಯ್ತಂದೆಯರು ಗಾಬರಿಯಿಂದ ಧಾವಿಸಿದರು. 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟ್ ‘ಪ್ರೋಟಾನ್ ಮೇಲ್’ ಎಂಬ ಸ್ವಿಸ್ ಇ-ಮೇಲ್ ಸೇವೆಯನ್ನು ನಿರ್ಬಂಧಿಸುವ ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು. ಆ ಸೇವೆಯ ಮೂಲಕ ಮಹಿಳಾ ಉದ್ಯೋಗಿಯ ಬಗ್ಗೆ ಅಶ್ಲೀಲ ಪತ್ರಗಳು, ಕೃತಕ ಬುದ್ಧಿಮತ್ತೆಯಿಂದ ಮಾಡಿದ ನಕಲಿ ಚಿತ್ರಗಳು ಬಂದಿವೆ ಎಂದು ಒಂದು ಸಂಸ್ಥೆ ದೂರಿತ್ತು. ಪತ್ರದ ಮರೆಯಲ್ಲಿ ನಿಂತು ಕಲ್ಲೆಸೆಯುವವನಿಂದ ನೋಯುವವರೂ ಖಾಸಗಿತನ ಕಳೆದುಕೊಂಡವರೇ ಅಲ್ಲವೇ?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351ನೆಯ ಪ್ರಕರಣದ ಪ್ರಕಾರ, ಹೆಸರು ಮರೆಸಿ ಬೆದರಿಕೆ ಹಾಕಿದವರಿಗೆ, ಬೆದರಿಕೆಯ ಶಿಕ್ಷೆಯ ಮೇಲೆ ಇನ್ನೂ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಇಲ್ಲಿ ಅಪರಾಧ ಬೆದರಿಕೆ. ಹೆಸರು ಮರೆಸಿದ್ದು ಅದರ ಭಾರವನ್ನು ಹೆಚ್ಚಿಸುತ್ತದೆ.

ಹೀಗೆ ಮಾಡಿದವರು ಸಿಕ್ಕಿಬೀಳುವುದಿಲ್ಲ ಎಂಬುದೂ ಭ್ರಮೆ. 2013ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬಾಂಬ್ ಬೆದರಿಕೆಯ ಇ-ಮೇಲ್ ಬಂದಿತು. ಕಳುಹಿಸಿದವನು ಪರೀಕ್ಷೆ ತಪ್ಪಿಸಬೇಕೆಂದಿದ್ದ ಅಲ್ಲಿನ ವಿದ್ಯಾರ್ಥಿ. ಅವನು ಟಾರ್ ಬಳಸಿದ್ದ. ಆದರೆ ಅದನ್ನು ವಿಶ್ವವಿದ್ಯಾಲಯದ ಜಾಲದ ಮೂಲಕವೇ ತೆರೆದಿದ್ದ. ಆ ಹೊತ್ತಿನಲ್ಲಿ ಅಲ್ಲಿ ಟಾರ್ ಬಳಸಿದವರು ಯಾರೆಂದು ಹುಡುಕಿದಾಗ ಬೇಗ ಸಿಕ್ಕಿಬಿದ್ದ. ಬೀಗ ಗಟ್ಟಿಯಾಗಿತ್ತು, ಆದರೆ ಮರೆಯಾಗಲು ಗುಂಪೇ ಇರಲಿಲ್ಲ.

ಒಳ್ಳೆಯ ಉದ್ದೇಶದಿಂದ ಬರೆಯುವವರೂ ಈ ಮಿತಿಗಳನ್ನು ಅರಿತಿರಬೇಕು. ‘ನಾನು ಮೂರನೆಯ ಕೋಣೆಯವಳು, ಮೊನ್ನೆ ಅಡುಗೆಮನೆಯಲ್ಲಿ ಕಂಡೆ’ ಎಂದು ಬರೆದರೆ ಯಾವ ರೀಮೇಲರೂ ಕಾಪಾಡದು. ಲಗತ್ತಿಸಿದ ಫೋಟೋದೊಳಗೆ ಫೋನಿನ ಮಾದರಿ, ತೆಗೆದ ಸಮಯ, ಕೆಲವೊಮ್ಮೆ ಸ್ಥಳವೂ ಅಡಗಿರುತ್ತವೆ. ಗೂಢಲಿಪಿಯ ಇ-ಮೇಲ್ ಸೇವೆ ವಿಷಯವನ್ನು ಮುಚ್ಚುತ್ತದೆ, ಆದರೆ ಐಪಿ ವಿಳಾಸ ದಾಖಲಿಸುವಂತೆ ಅದಕ್ಕೂ ಆದೇಶ ಬರಬಹುದು; 2021ರಲ್ಲಿ ಪ್ರೋಟಾನ್ ಸಂಸ್ಥೆಯೇ ಫ್ರಾನ್ಸಿನ ಒಬ್ಬ ಚಳವಳಿಗಾರರ ವಿಷಯದಲ್ಲಿ ಹಾಗೆ ಮಾಡಬೇಕಾಯಿತು. ನಮ್ಮಲ್ಲಿ ವಿಪಿಎನ್ ಸೇವೆಗಳು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟಿರಬೇಕೆಂದು 2022ರ ಏಪ್ರಿಲಿನಲ್ಲಿ ನಿರ್ದೇಶನವಾಗಿದೆ.

ನೀವು ಅಥವಾ ನಿಮ್ಮ ಗೆಳೆಯರು ಕಷ್ಟದಲ್ಲಿದ್ದರೆ ಮೊದಲು ತಟ್ಟಬೇಕಾದ ಬಾಗಿಲುಗಳು ಬೇರೆ ಇವೆ. ಮಕ್ಕಳಿಗಾಗಿ 1098, ಸೈಬರ್ ವಂಚನೆಗಾಗಿ 1930 ಸಹಾಯವಾಣಿಗಳಿವೆ. ಮಹಿಳೆಯರು ಮತ್ತು ಮಕ್ಕಳ ಮೇಲಿನ ಕೆಲವು ಬಗೆಯ ಅಪರಾಧಗಳನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಹೆಸರು ಕೊಡದೆಯೂ ತಿಳಿಸಬಹುದು. 2012ರ ಪೋಕ್ಸೊ ಕಾಯ್ದೆ, ದೌರ್ಜನ್ಯಕ್ಕೊಳಗಾದ ಮಗುವಿನ ಗುರುತನ್ನು ಮಾಧ್ಯಮಗಳು ಬಯಲು ಮಾಡುವುದನ್ನು ತಡೆಯುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಮೂವರು ವಿದ್ಯಾರ್ಥಿಗಳು ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಫಲಕ ಹಿಡಿದು ಮೂರು ಮೂಲೆಗಳಲ್ಲಿ ಕೂರಲಿ. ಒಬ್ಬರು ಬೆಳಗಾವಿಯ ಅಧಿಕಾರಿಯಾಗಲಿ. ಒಬ್ಬರು ಕಾವಲುಗಾರರಾಗಿ ಎಲ್ಲವನ್ನೂ ನೋಡುತ್ತಿರಲಿ. ಮೊದಲ ಸುತ್ತಿನಲ್ಲಿ ಒಬ್ಬರು ಮಾತ್ರ ಮೂರು ಪದರದ ಲಕೋಟೆ ಕಳುಹಿಸಲಿ. ಕಾವಲುಗಾರ ಕ್ಷಣದಲ್ಲಿ ಹೆಸರು ಹೇಳುತ್ತಾನೆ. ಎರಡನೆಯ ಸುತ್ತಿನಲ್ಲಿ ಹತ್ತು ಜನ ಒಂದೇ ಅಳತೆಯ ಲಕೋಟೆ ಕಳುಹಿಸಲಿ; ಪ್ರತಿ ಊರಿನವರೂ ಹತ್ತೂ ಬರುವ ತನಕ ಕಾದು, ಮೇಜಿನ ಕೆಳಗೆ ಕಲಸಿ ಕಳುಹಿಸಲಿ. ಈಗ ಕಾವಲುಗಾರನನ್ನು ಕೇಳಿ. ಮೂರನೆಯ ಸುತ್ತಿನಲ್ಲಿ ಗೋಕಾಕ ಮತ್ತು ಹುಕ್ಕೇರಿಯವರು ಗುಟ್ಟಾಗಿ ಕಾವಲುಗಾರನ ಪಕ್ಷ ಸೇರಲಿ, ಮೂಡಲಗಿಯವರು ಮಾತ್ರ ಪ್ರಾಮಾಣಿಕರಾಗಿ ಉಳಿಯಲಿ. ಆಗಲೂ ಅವನು ಹತ್ತರಲ್ಲಿ ಒಬ್ಬರನ್ನು ಊಹಿಸಬೇಕಷ್ಟೇ ಹೊರತು ಹೇಳಲಾರ.

ಕೊನೆಯಲ್ಲಿ ಅಧಿಕಾರಿಯ ಪಾತ್ರದವರಿಗೆ ಒಂದು ಪ್ರಶ್ನೆ ಕೇಳಿ: ಬಂದ ಹತ್ತು ಪತ್ರಗಳಲ್ಲಿ ಯಾವುದನ್ನು ನಂಬುವಿರಿ, ಹೇಗೆ ಪರಿಶೀಲಿಸುವಿರಿ? ಹೆಸರಿಲ್ಲದ ಪತ್ರ ತನ್ನನ್ನು ತಾನೇ ರುಜುವಾತು ಮಾಡಲಾರದು. ಅದು ಬೆರಳು ತೋರಿಸಬಲ್ಲದು ಅಷ್ಟೇ. ಹಾಸ್ಟೆಲಿನ ಉಗ್ರಾಣಕ್ಕೆ ಹೋಗಿ, ದಾಸ್ತಾನು ಪುಸ್ತಕ ತೆರೆದು, ಅಕ್ಕಿಯ ಚೀಲ ಎಣಿಸುವ ಕೆಲಸ ಪತ್ರ ಪಡೆದವರದು. ಅವರು ಎಣಿಸಲು ಹೊರಟರೆ ಬರೆದವಳ ಹೆಸರು ಬೇಕಾಗುವುದೇ ಇಲ್ಲ.